ಓದದೆ ಹಾಕಿದ ಸಹಿ

"ಅರ್ಧ ಅಂಕ! ಬರೀ ಅರ್ಧ ಅಂಕ! ಅದಕ್ಕೆ ಇಷ್ಟು ಹಟವಾ ಮೇಡಂ?"

ಮೌಲ್ಯಮಾಪನದ ಹಾಲ್‌ನಲ್ಲಿ ಕೂತಿದ್ದ ಇಪ್ಪತ್ತು ತಲೆಗಳೂ ಒಟ್ಟಿಗೆ ಮೇಲೆದ್ದವು. ಅವಳು ಮಾತ್ರ ಎತ್ತಲಿಲ್ಲ. ಕೆಂಪು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

"ಮೂವತ್ತೈದು ಬಂದ್ರೆ ಪಾಸು ಸರ್. ಇದು ಮೂವತ್ನಾಲ್ಕೂವರೆ. ನಾನೇನು ಮಾಡ್ಲಿ?"

"ಕೊನೇ ಪುಟ ನೋಡಿದ್ರಾ? ಪೂರ್ತಿ ಓದಿದ್ರಾ?" ಎಂದ, ಪತ್ರಿಕೆ ಮರುಪರಿಶೀಲಿಸುತ್ತಿದ್ದ ಹೊಸ ಲೆಕ್ಚರರ್.

ಅಷ್ಟು ಸಾಕಾಯಿತು. ಕೋಪ ಯಾವಾಗಲೂ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು, ಕರೆಯುವುದೇ ತಡ ಬಂದುಬಿಡುತ್ತಿತ್ತು. "ಓದದೆ ಸಹಿ ಹಾಕೋ ಜಾತಿ ಅಲ್ಲ ನಾನು!" ಎಂದು ಪತ್ರಿಕೆ ಕಿತ್ತುಕೊಂಡು ಕೊನೆಯ ಪುಟ ತಿರುಗಿಸಿದಳು. ಅಲ್ಲಿ, ಅಂಚಿಗೆ ಒತ್ತಿ, ಜಾಗ ಸಾಲದೆ ಇರುವೆ ಸಾಲಿನಂತೆ ಬರೆದ ನಾಲ್ಕು ಸಾಲು ಉತ್ತರವಿತ್ತು. ಅವಳು ಅದನ್ನು ಓದಿಯೇ ಇದ್ದಳು. ಆದರೆ ಅಂಕ ಕೊಡುವುದನ್ನು ಮರೆತಿದ್ದಳು.

ಮೂವತ್ತಾರು ಬರೆದು ಪತ್ರಿಕೆ ಅವನ ಮುಂದೆ ತಳ್ಳಿದಳು. ಮುಖ ಕೆಂಪಗಾಗಿತ್ತು.

ಅವನು ಗೆದ್ದ ನಗೆ ನಗಲಿಲ್ಲ ನೋಡಿ. ಮೆಲ್ಲಗೆ, "ಥ್ಯಾಂಕ್ಸ್. ಪಾಪ, ಯಾರೋ ಏನೋ... ಫಲಿತಾಂಶದ ದಿನ ಅವರ ಮನೇಲಿ ಊಟ ಸೇರತ್ತೆ," ಎಂದ.

ಅಷ್ಟೇ. ಅಂದೇ ಅವಳ ಎದೆಯಲ್ಲಿ ಏನೋ ಒಂದು ಜರುಗಿ ಜಾಗ ಮಾಡಿಕೊಟ್ಟಿತು. ಅವಳು ಒಪ್ಪಿಕೊಳ್ಳಲಿಲ್ಲ, ಅದು ಬೇರೆ ಮಾತು!

*

ಅವಳು ವಿಶ್ವವಿದ್ಯಾಲಯದಲ್ಲಿ ಖಾಸಗಿ ಕಾನೂನಿನ ಲೆಕ್ಚರರ್. ಕೊಲೆ, ದರೋಡೆ, ಸರ್ಕಾರದ ಗಲಾಟೆ ಯಾವುದೂ ಅವಳದಲ್ಲ. ಮನುಷ್ಯರಿಗೂ ಮನುಷ್ಯರಿಗೂ ನಡುವೆ ಹುಟ್ಟುವ ಮಾತು, ಕರಾರು, ಹಕ್ಕು, ಮುರಿತ, ಇಷ್ಟೇ ಅವಳ ಪಾಠ. ವಿದ್ಯಾರ್ಥಿಗಳು ಅವಳನ್ನು 'ಕರಾರು ಮೇಡಂ' ಎನ್ನುತ್ತಿದ್ದರು. ಅದೇ ವಿಭಾಗಕ್ಕೆ ಆಗಷ್ಟೇ ಬಂದು ಆಸ್ತಿ ಕಾನೂನು ಕಲಿಸುತ್ತಿದ್ದ ಅವನು 'ಆಸ್ತಿ ಮೇಷ್ಟ್ರು'. ಸ್ವಂತಕ್ಕೆ ಒಂದು ಸೈಕಲ್ಲು ಬಿಟ್ಟರೆ ಆಸ್ತಿ ಎನ್ನುವಂಥದ್ದು ಅವನಿಗೆ ಏನೂ ಇರಲಿಲ್ಲ.

ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಅವಳು ಬೋರ್ಡಿನ ಮೇಲೆ ಒಂದೇ ಸಾಲು ಬರೆಯುತ್ತಿದ್ದಳು: 'ಓದದೆ ಸಹಿ ಹಾಕಿದವರನ್ನು ಕಾನೂನು ಕಾಪಾಡುವುದಿಲ್ಲ.'

"ಮೋಸ ಆಗಿದ್ರೆ ಬೇರೆ. ಆದ್ರೆ ಸುಮ್ನೆ ಓದ್ಲಿಲ್ಲ, ಟೈಮ್ ಇರ್ಲಿಲ್ಲ, ತಲೆ ಸರಿ ಇರ್ಲಿಲ್ಲ ಅಂದ್ರೆ ಯಾರೂ ಕೇಳಲ್ಲ. ಸಹಿ ನಿಮ್ದು, ಫಲ ನಿಮ್ದು!" ಎನ್ನುತ್ತಿದ್ದಳು. ಪಕ್ಕದ ಕ್ಲಾಸಿನಲ್ಲಿದ್ದ ಅವನಿಗೆ ಅದು ಗೋಡೆ ದಾಟಿ ಕೇಳಿಸುತ್ತಿತ್ತು. ಕಾರಿಡಾರಿನಲ್ಲಿ ಸಿಕ್ಕಾಗ ಕೈ ಮುಗಿದು, "ಸಹಿ ನಮ್ದು, ಫಲ ನಮ್ದು ತಾಯೀ," ಎಂದು ಕಾಡುತ್ತಿದ್ದ.

ಇನ್ನು ಈ ಕಥೆಗೆ ಬೇಕಾದ ಒಂದು ಕಚೇರಿ ಪದ್ಧತಿ ಹೇಳಿಬಿಡುತ್ತೇನೆ, ಕೇಳಿ.

ಖಾಸಗಿ ಕಾನೂನಿನ ವಾರ್ಷಿಕ ಪ್ರಶ್ನೆಪತ್ರಿಕೆಗೆ ಏಳು ಪ್ರಶ್ನೆ. ಆದರೆ ಬರೆಯುವವರು ಎಂಟು ಬರೆಯಬೇಕು. ಪರಿಶೀಲಿಸುವವರು ಒಂದನ್ನು ಹೊಡೆದುಹಾಕಿ, ಕೆಳಗೆ ಸಹಿ ಮಾಡಿ, ಲಕೋಟೆಗೆ ಮೊಹರು ಹಾಕಿ ಬರೆದವರಿಗೇ ವಾಪಸ್ ಕೊಡಬೇಕು, ಅವರು ನೋಡಿ ಪರೀಕ್ಷಾ ವಿಭಾಗಕ್ಕೆ ಒಪ್ಪಿಸಬೇಕು. ಆರು ವರ್ಷ ಅವನು ಬರೆದ, ಅವಳು ಪರಿಶೀಲಿಸಿದಳು.

ಅವಳಿಗೆ ಕೆಲಸ ಹಗುರವಾಗಲಿ ಎಂದು ಅವನು ಎಂಟನೆಯದನ್ನು ಬೇಕೆಂದೇ ಕೆಲಸಕ್ಕೆ ಬಾರದ ಪ್ರಶ್ನೆ ಮಾಡಿ ಇಡುತ್ತಿದ್ದ. ಅದಕ್ಕೆ ಇಬ್ಬರೂ ಸೇರಿ 'ಬಲಿ ಪ್ರಶ್ನೆ' ಎಂದು ಹೆಸರಿಟ್ಟಿದ್ದರು. ಒಂದು ವರ್ಷ, 'ಕೋಪಿಷ್ಠ ಬೆಕ್ಕೊಂದು ಬಾಡಿಗೆ ಮನೆಯನ್ನು ಹನ್ನೆರಡು ವರ್ಷ ತನ್ನದೆಂದು ಆಳಿದೆ. ಮನೆ ಯಾರದು?' ಎಂದು ಬರೆದಿದ್ದ. ಅವಳು ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

"ನಿಮ್ಮ ಎಂಟನೇದನ್ನೇ ನಾನು ಮೊದಲು ಓದೋದು," ಎಂದು ಬಾಯಿತಪ್ಪಿ ಹೇಳಿಯೂ ಇದ್ದಳು.

ಅವನು ಆ ಮಾತು ಮರೆಯಲಿಲ್ಲ. ಎಲ್ಲ ಅನಾಹುತಕ್ಕೂ ಅದೇ ಮೂಲವಾಯಿತು.

*

ಆರನೆಯ ವರ್ಷ, ಪರೀಕ್ಷೆಗೆ ತಿಂಗಳಿರುವಾಗ, ಅವನು ಹೇಳದೆ ಕೇಳದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟುನಿಂತ.

"ಹೋಗಿ ಬರ್ತೀನಿ ಮೇಡಂ." ಬಾಗಿಲಲ್ಲೇ ನಿಂತಿದ್ದ. ಒಳಗೆ ಬರಲಿಲ್ಲ.

"ಇದ್ದಕ್ಕಿದ್ದ ಹಾಗೆ?"

"ಅವಕಾಶ ಬಂತು..."

"ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

ಅವನು ಅವಳ ಮುಖವನ್ನು ಒಂದು ಕ್ಷಣ ವಿಚಿತ್ರವಾಗಿ ನೋಡಿದ. ಆಮೇಲೆ, "ಹೇಳಿದ್ದೆ," ಎಂದು ಹೊರಟೇಹೋದ.

ಏನು ಹೇಳಿದ್ದ? ಯಾವಾಗ ಹೇಳಿದ್ದ? ಸುಳ್ಳುಗಾರ!

ಅವಳಮ್ಮ ಆಗ ಸ್ನಾನದ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಬಂದು ವಾರವಾಗಿತ್ತು. ವಿಭಾಗದವರೆಲ್ಲ ನೋಡಲು ಬಂದಿದ್ದರು, ಅವನೊಬ್ಬನನ್ನು ಬಿಟ್ಟು. ಆ ನೋವೇ ಆರಿರಲಿಲ್ಲ, ಮೇಲೆ ಇದು. ಅವನಿಗೆ ನಾನು ಏನೂ ಅಲ್ಲ... ಆರು ವರ್ಷ ಸುಮ್ಮನೆ ನಾನೇ ಏನೇನೋ ಕಟ್ಟಿಕೊಂಡೆ... ಎಂದು ಬಾತ್‌ರೂಮಿನ ನಲ್ಲಿ ಬಿಟ್ಟು, ಸದ್ದು ಕೇಳದಂತೆ ಬಿಕ್ಕಿ ಬಿಕ್ಕಿ ಅತ್ತಳು.

ಮೂರು ವರ್ಷ. ಒಂದು ಪತ್ರವಿಲ್ಲ, ಫೋನಿಲ್ಲ. ಅವಳೂ ಹಟಮಾರಿ, ಮಾಡಲಿಲ್ಲ. ಪ್ರಶ್ನೆಪತ್ರಿಕೆ ಈಗ ಬೇರೆ ಯಾರೋ ಬರೆಯುತ್ತಿದ್ದರು. ಎಂಟನೆಯ ಪ್ರಶ್ನೆಯಲ್ಲಿ ಬೆಕ್ಕು ಬರುತ್ತಿರಲಿಲ್ಲ.

*

ಮೂರು ವರ್ಷ ತುಂಬಿದ ಪ್ರಶ್ನೆಪತ್ರಿಕೆ ಕರಡುಗಳನ್ನು ನಾಶ ಮಾಡುವುದು ಪರೀಕ್ಷಾ ವಿಭಾಗದ ನಿಯಮ. ಪರಿಶೀಲಿಸಿದವರು ಬಂದು ಪಟ್ಟಿಗೆ ಸಹಿ ಹಾಕಬೇಕು. ಅಂದು ಬೆಳಿಗ್ಗೆ, ವರ್ಷದ ಮೊದಲ ಕ್ಲಾಸಿಗೆ ಇನ್ನೂ ಒಂದು ಗಂಟೆ ಇರುವಾಗ, ಅವಳು ಅಲ್ಲಿಗೆ ಹೋದಳು.

ಹೆಡ್ ಕ್ಲರ್ಕು ಮುಂದಿನ ತಿಂಗಳು ನಿವೃತ್ತರಾಗುವವರು. ಮೊಹರಿಲ್ಲದೆ ಚಹಾ ಕೂಡ ಕುಡಿಯುವುದಿಲ್ಲ ಎಂದು ಎಲ್ಲರೂ ನಗುತ್ತಿದ್ದ ಮನುಷ್ಯ. ಅವಳು ನಿಂತಲ್ಲೇ ಪೆನ್ನು ತೆಗೆದಾಗ ಪಟ್ಟಿಯ ಮೇಲೆ ಅಂಗೈ ಊರಿದರು.

"ಓದಿ ಹಾಕಿ ಮೇಡಂ. ಊರಿಗೆಲ್ಲ ನೀವೇ ಹೇಳ್ತೀರಿ."

"ಅಯ್ಯೋ, ಹಳೇ ಕಾಗದ ಸರ್..."

"ಹಳೇದಾದ್ರೇನು? ಒಂದೊಂದೂ ತೆಗೆದು ನೋಡಿ, ಆಮೇಲೆ ಸಹಿ."

ಅವಳು ನಗುತ್ತ ಕೂತಳು. ಮೊದಲ ಲಕೋಟೆಯಲ್ಲೇ ಅವನ ಕೊನೆಯ ಪತ್ರಿಕೆ ಸಿಕ್ಕಿತು. ಎಂಟನೆಯ ಪ್ರಶ್ನೆಯ ಮೇಲೆ ಅವಳದೇ ಕೆಂಪು ಗೀಟು. ಪಕ್ಕದಲ್ಲಿ ಅವಳದೇ ಅಕ್ಷರ: 'ಹಳೆಯ ಪ್ರಶ್ನೆ. ಬೇಡ.' ಕೆಳಗೆ ಅವಳದೇ ಸಹಿ.

ಗೀಟಿನ ಕೆಳಗಿನ ಅಕ್ಷರಗಳನ್ನು ಓದಿದಳು.

'ಪ್ರಶ್ನೆ ೮. 'ಕ' ಎಂಬಾತ 'ಗ' ಎಂಬಾಕೆಯ ಮುಂದೆ ಒಂದು ಪ್ರಸ್ತಾಪ ಇಟ್ಟಿದ್ದಾನೆ.'

ಹೌದು, ಹಿಂದಿನ ವರ್ಷದ ಪ್ರಶ್ನೆಯೂ ಹೀಗೇ ಶುರುವಾಗಿತ್ತು. ಅದಕ್ಕೇ ಹೊಡೆದುಹಾಕಿದ್ದೆ...

'ಇಬ್ಬರೂ ಆರು ವರ್ಷದಿಂದ ಒಂದೇ ಕಾರಿಡಾರಿನಲ್ಲಿ ಪಾಠ ಮಾಡುತ್ತಾರೆ. 'ಗ' ಅರ್ಧ ಅಂಕಕ್ಕೆ ಜಗಳವಾಡುತ್ತಾಳೆ, ತಪ್ಪು ಅವಳದೆಂದು ಗೊತ್ತಾದರೆ ಒಂದೂವರೆ ಕೊಡುತ್ತಾಳೆ. 'ಕ'ಗೆ ಅವಳಿಲ್ಲದ ಮನೆ ಮನೆಯಂತೆ ಕಾಣುವುದು ನಿಂತುಹೋಗಿದೆ. ಎದುರು ನಿಂತು ಹೇಳಲು ಧೈರ್ಯವಿಲ್ಲದೆ ಇಲ್ಲಿ ಬರೆಯುತ್ತಿದ್ದಾನೆ, ಏಕೆಂದರೆ ಇದನ್ನೇ ಅವಳು ಮೊದಲು ಓದುತ್ತಾಳೆ. ಶುಕ್ರವಾರ ನಾಲ್ಕರಿಂದ ಐದರವರೆಗೆ ಅವನು ವಾಚನಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ ಇರುತ್ತಾನೆ. ಅವಳು ಎದುರು ಕುರ್ಚಿಯಲ್ಲಿ ಒಂದು ನಿಮಿಷ ಕೂತರೂ ಒಪ್ಪಿಗೆ ಎಂದುಕೊಳ್ಳುತ್ತಾನೆ. ಬೇಡವಾದರೆ ಈ ಪ್ರಶ್ನೆ ಹೊಡೆದುಹಾಕಿದರೆ ಸಾಕು. ಮತ್ತೆಂದೂ ಕೇಳುವುದಿಲ್ಲ, ಅವಳಿಗೆ ಮುಜುಗರವಾಗುವಂತೆ ಎದುರಿಗೂ ಬರುವುದಿಲ್ಲ. ಇದು ಮಾತು. 'ಕ'ಗೆ ಸಲಹೆ ನೀಡಿ.'

ಅವಳು ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಇನ್ನೊಮ್ಮೆ ಓದಿದಳು. ಅಕ್ಷರಗಳು ನೀರಿನಲ್ಲಿ ತೇಲಿದವು.

ಆ ದಿನ! ಅಮ್ಮ ಬಿದ್ದ ದಿನ! ಲಕೋಟೆಯನ್ನು ಬ್ಯಾಗಿನಲ್ಲಿ ತುರುಕಿಕೊಂಡು ಆಸ್ಪತ್ರೆಗೆ ಓಡಿದ್ದಳು. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ, ಮಂಡಿಯ ಮೇಲೆ ಕಾಗದ ಇಟ್ಟುಕೊಂಡು, ಮೊದಲ ಸಾಲು ನೋಡಿ ಗೀಟು ಎಳೆದಿದ್ದಳು. ಅವನು ಬರೆದದ್ದರಲ್ಲಿ ತಪ್ಪಿರುವುದಿಲ್ಲ ಎಂಬ ಎಳ್ಳಷ್ಟೂ ಅನುಮಾನವಿಲ್ಲದ ನಂಬಿಕೆ. ಅದೇ ಮುಳುವಾಯಿತು.

ಇನ್ನೊಂದು ನೆನಪು ನುಗ್ಗಿ ಬಂತು. ಶುಕ್ರವಾರ. ರಜೆಯ ಅರ್ಜಿ ಕೊಡಲು ಅರ್ಧ ಗಂಟೆಗೆಂದು ಬಂದಿದ್ದಳು. ವಾಚನಾಲಯದ ಗಾಜಿನ ಬಾಗಿಲಲ್ಲಿ ಅವನು ಕಂಡಿದ್ದ. ಹಿಡಿಕೆಯ ಮೇಲೆ ಕೈಯಿಟ್ಟಿದ್ದಳು ಕೂಡ! 'ಅಮ್ಮ ಹೇಗಿದ್ದಾರೆ' ಎಂದು ಅವನು ಕೇಳಿದರೆ ಎಲ್ಲರೆದುರು ಅತ್ತುಬಿಡುತ್ತೇನೆ ಎಂದುಕೊಂಡು ಕೈ ತೆಗೆದು ಹೊರಟುಹೋಗಿದ್ದಳು.

ಅವನು ತಲೆಯೆತ್ತಿದ್ದ. ನೋಡಿದ್ದ.

ಅಯ್ಯೋ... ಏನು ಮಾಡಿಬಿಟ್ಟೆ ನಾನು!

"ಮೇಡಂ? ನೀರು ಕೊಡ್ಲಾ?" ಹೆಡ್ ಕ್ಲರ್ಕು ಎದ್ದು ಬಂದರು.

"ಈ ಒಂದು ಹಾಳೆ... ನಾಶ ಮಾಡ್ಬೇಡಿ ಸರ್. ಕೈ ಮುಗೀತೀನಿ."

ಅವರು ಕನ್ನಡಕ ಮೇಲೇರಿಸಿ ಹಾಳೆ ನೋಡಿದರು. ಅವಳನ್ನು ನೋಡಿದರು. ಪಟ್ಟಿಯಲ್ಲಿ ಆ ಸಾಲಿನ ಮುಂದೆ ಮೊಹರು ಒತ್ತಿದರು. "ನಾಶ ಆಗ್ಬೇಕು ಅಂತ ನಿಯಮ. ಯಾರ ಕೈಲಿ, ಎಷ್ಟು ವರ್ಷದಲ್ಲಿ ಅಂತ ಬರ್ದಿಲ್ಲ. ಬ್ಯಾಗಲ್ಲಿ ಇಟ್ಕೊಳ್ಳಿ."

*

ಮೊದಲ ಕ್ಲಾಸು. ಎಂಬತ್ತು ಹೊಸ ಮುಖಗಳು. ಅವಳು ಬೋರ್ಡಿನ ಕಡೆ ತಿರುಗಿ 'ಓದದೆ' ಎಂದು ಬರೆದಳು. ಸೀಮೆಸುಣ್ಣ ಅಲ್ಲೇ ನಿಂತಿತು. ಹದಿಮೂರು ವರ್ಷದಿಂದ ಬರೆಯುತ್ತಿದ್ದ ಸಾಲು, ಕೈ ಮುಂದೆ ಹೋಗಲೊಲ್ಲದು.

"ಇವತ್ತು ಇಷ್ಟೇ," ಎಂದು ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಎಂಬತ್ತು ಜನ ಪಿಸುಗುಟ್ಟುತ್ತ ಎದ್ದುಹೋಗುವವರೆಗೂ ತಿರುಗಲಿಲ್ಲ.

ಮನೆಗೆ ಬಂದವಳೇ ಅಮ್ಮನ ಮಡಿಲಲ್ಲಿ ಮುಖವಿಟ್ಟು ಎಲ್ಲ ಹೇಳಿದಳು. ಮಗಳ ತಲೆ ಸವರುತ್ತಿದ್ದ ಅಮ್ಮನ ಕೈ ನಡುವೆ ನಿಂತಿತು.

"ಬಂದಿದ್ರು ಕಣೇ."

"ಯಾರು?"

"ಆಸ್ತಿ ಮೇಷ್ಟ್ರು. ಆಸ್ಪತ್ರೆಗೆ. ನೀನು ಔಷಧಿ ತರೋಕೆ ಹೋಗಿದ್ದೆ. ಹತ್ತು ನಿಮಿಷ ನನ್ನ ಕಾಲ ಹತ್ರ ಕೂತಿದ್ರು. 'ನಾನು ಬಂದಿದ್ದು ಹೇಳ್ಬೇಡಿ ಅಮ್ಮಾ, ಅವ್ರಿಗೆ ಮುಜುಗರ ಆಗತ್ತೆ' ಅಂದ್ರು. ಮಾತು ಕೊಟ್ಟಿದ್ದೆ..."

"ಅಮ್ಮಾ! ಮೂರು ವರ್ಷ!"

"ನಂಗೇನು ಗೊತ್ತಮ್ಮಾ ನಿಮ್ಮಿಬ್ರ ಕಾನೂನು! ನೀವೇನೋ ಜಗಳ ಆಡಿದ್ದೀರಿ, ಸರಿಹೋಗತ್ತೆ ಅಂದ್ಕೊಂಡೆ. ಬಾಯಿಗೆ ಬೀಗ ಹಾಕ್ಕೊಂಡು ನಾನೂ ಕಾದೆ."

ತಾಯಿ ಮಗಳು ಇಬ್ಬರೂ ಅತ್ತರು. ಆಮೇಲೆ ಅಮ್ಮನೇ ಸೆರಗಿನಿಂದ ಮಗಳ ಮೂಗು ಒರೆಸಿ, "ಅತ್ತಿದ್ದು ಸಾಕು. ಆ ಊರಿಗೆ ಬಸ್ಸು ಎಷ್ಟೊತ್ತಿಗೆ, ನೋಡು," ಎಂದಳು.

"ಹೋಗಿ ಏನಂತ ಹೇಳ್ಲಿ? ಬೇಡ ಅಂದ್ಮೇಲೆ ಆ ಪ್ರಸ್ತಾಪ ಸತ್ತುಹೋಯ್ತಮ್ಮಾ. ಆಮೇಲೆ ಹೂಂ ಅಂದ್ರೆ ಬದುಕಿ ಬರಲ್ಲ. ಕಾನೂನೇ ಹಾಗೆ."

"ಹಾಗಾದ್ರೆ ನೀನೇ ಹೊಸದು ಇಡು! ಅದಕ್ಕೂ ಕಾನೂನು ಅಡ್ಡ ಬರತ್ತಾ?"

ಅವಳು ತಲೆಯೆತ್ತಿ ಅಮ್ಮನನ್ನು ಬೆರಗಿನಿಂದ ನೋಡಿದಳು. ಇಲ್ಲ. ಅಡ್ಡ ಬರುವುದಿಲ್ಲ.

*

ಐದು ಗಂಟೆಯ ಬಸ್ ಪ್ರಯಾಣ. ಶುಕ್ರವಾರ ಮೂರೂವರೆಗೆ ಅವನ ವಿಭಾಗದಲ್ಲಿ ನಿಂತಿದ್ದಳು. ಅವನು ಕ್ಲಾಸಿನಲ್ಲಿದ್ದ. ಅರ್ಧ ತೆರೆದ ಬಾಗಿಲಿನಿಂದ ದನಿ ಕೇಳುತ್ತಿತ್ತು. ಅದೇ ದನಿ... ಸ್ವಲ್ಪ ಸವೆದಿತ್ತು. ಒಮ್ಮೆ ಬೋರ್ಡಿನ ಕಡೆ ತಿರುಗಿದಾಗ ಕಿವಿಯ ಹಿಂದೆ ಬಿಳಿಕೂದಲು ಕಂಡಿತು. ಈ ಕೂದಲು ನನ್ನ ಕಣ್ಣೆದುರು ಬೆಳ್ಳಗಾಗಬೇಕಿತ್ತು ಎಂದುಕೊಂಡಳು.

ಅವನ ಮೇಜಿನ ಮೇಲೆ ಲಕೋಟೆ ಇಟ್ಟು ವಾಚನಾಲಯಕ್ಕೆ ಹೋದಳು. ಒಳಗೆ ಅವನ ಹಳೆಯ ಹಾಳೆ, ಅದರ ಜೊತೆ ಅವಳು ಬಸ್ಸಿನಲ್ಲಿ ಕೂತು ಬರೆದ ಒಂದು ಪ್ರಶ್ನೆ:

''ಗ' ಎಂಬಾಕೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದದೆ ಸಹಿ ಹಾಕಿದಳು. ಓದಿದ್ದು ಈ ವಾರ. ಅವಳಿಗೆ ರಿಯಾಯಿತಿ ಬೇಡ. ಹಳೆಯ ಪ್ರಸ್ತಾಪ ಉಳಿದಿಲ್ಲ ಎಂದು ಗೊತ್ತು. ಇದು ಹೊಸದು, ಅವಳದು. ಅವಳಿಗೆ 'ಕ' ಬೇಕು. ಅಂದೂ ಬೇಕಾಗಿತ್ತು. ಇವತ್ತು ನಾಲ್ಕರಿಂದ ಐದರವರೆಗೆ ಇಲ್ಲಿನ ವಾಚನಾಲಯದ ಕಿಟಕಿ ಪಕ್ಕ ಇರುತ್ತಾಳೆ. ಬೇಡವೆಂದರೆ ಪೂರ್ತಿ ಓದಿ ಹೊಡೆದುಹಾಕಲಿ.'

ನಾಲ್ಕಾಯಿತು. ನಾಲ್ಕೂವರೆ. ಪ್ರತಿ ಹೆಜ್ಜೆ ಸದ್ದಿಗೂ ಅವಳು ಬಾಗಿಲ ಕಡೆ ತಿರುಗುತ್ತಿದ್ದಳು. ಎದುರಿನ ಕುರ್ಚಿ ಖಾಲಿ. ಅವತ್ತು ಅವನು ನೋಡುತ್ತ ಕೂತದ್ದೂ ಇಂಥದ್ದೇ ಖಾಲಿ ಕುರ್ಚಿಯನ್ನು. ಒಂದು ಗಂಟೆ ಎಷ್ಟು ಉದ್ದ ಎಂದು ಅವಳಿಗೆ ಈಗ ಗೊತ್ತಾಯಿತು.

ಐದಾಯಿತು. ಅವನು ಬರಲಿಲ್ಲ.

ಐದು ಹದಿನೈದು. ಗ್ರಂಥಪಾಲಕಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು. "ಇನ್ನೂ ಕೂತಿರ್ತೀರಾ ಮೇಡಂ?"

"ಒಂದೈದು ನಿಮಿಷ..." ದನಿ ಒಡೆಯಿತು. ಸಹಿ ನಿನ್ನದು, ಫಲ ನಿನ್ನದು. ಅನುಭವಿಸು.

ಎದ್ದು ಬ್ಯಾಗು ಹೆಗಲಿಗೇರಿಸಿದಾಗ ಬಾಗಿಲ ಗಾಜಿನಾಚೆ ನೆರಳಾಡಿತು.

ಅವನು! ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದ. ಕಣ್ಣು ಕೆಂಪಗಾಗಿತ್ತು. ಅವಳನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಮೆಲ್ಲಗೆ ಕೈ ತೆಗೆದ.

ಅಂದು ಅವಳು ಮಾಡಿದ್ದೂ ಇದನ್ನೇ.

ಬೇಡ, ಇನ್ನೊಮ್ಮೆ ಬೇಡ! ಅವಳು ಮೇಜಿಗೆ ಎಡವಿ, ಕುರ್ಚಿ ಉರುಳಿಸಿ, ಓಡಿ ಹೋಗಿ ಬಾಗಿಲು ಎಳೆದು ತೆರೆದಳು.

ಇಬ್ಬರ ನಡುವೆ ಹೊಸ್ತಿಲಷ್ಟೇ ಉಳಿಯಿತು.

"ಬರಬಾರ್ದು ಅಂತಲೇ ಇದ್ದೆ," ಎಂದ ಅವನು. "ನಿಮ್ಮನ್ನ ಮರೆಯೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ? ಇಲ್ಲೂ ಎಂಟೇ ಬರೀಬೇಕು. ಬಂದ ಮೊದಲ ವರ್ಷ ಎಂಟನೇ ಪ್ರಶ್ನೆ ಬರೆಯೋಕೇ ಆಗ್ಲಿಲ್ಲ. ಏಳೇ ಕಳಿಸಿ ಬೈಸಿಕೊಂಡೆ. ಈಗ ಸ್ವಲ್ಪ ಸರಿಹೋಗಿತ್ತು... ಈಗ ಬಂದ್ರಿ."

"ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ."

"ನಿಮ್ಮನ್ನ ಯಾಕೆ ಬೈಲಿ? ಬಾಯಿದ್ದೂ ಕಾಗದದಲ್ಲಿ ಕೇಳಿದವನು ನಾನು. ಮತ್ತೆ ಕೇಳಲ್ಲ ಅಂತ ನಾನೇ ಬರೆದ ಒಂದು ಸಾಲು ಹಿಡ್ಕೊಂಡು ಮೂರು ವರ್ಷ ಕೂತೆ. 'ಯಾಕೆ ಬೇಡ' ಅಂತ ಒಂದೇ ಮಾತು ಕೇಳಿದ್ದಿದ್ರೆ..."

ಹೋದ ಮೂರು ವರ್ಷ ಯಾರ ಸಹಿಯಿಂದಲೂ ವಾಪಸ್ ಬರುವಂಥದ್ದಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅದಕ್ಕಾಗಿಯೇ ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತು ಸಣ್ಣ ಮಕ್ಕಳ ಹಾಗೆ ಅತ್ತರು. ಗ್ರಂಥಪಾಲಕಿ ಮುಚ್ಚಿದ ಕಿಟಕಿಯನ್ನೇ ಮತ್ತೆ ಮತ್ತೆ ಮುಚ್ಚುತ್ತ ನಿಂತಳು.

ಅವನು ಅಂಗಿಯ ಜೇಬಿನಿಂದ ಅವಳ ಹಾಳೆ ತೆಗೆದ. ನಾಲ್ಕಾರು ಕಡೆ ನೀರು ಬಿದ್ದು ಅಕ್ಷರ ಕದಡಿದ್ದವು. ಕೆಂಪು ಗೀಟು ಹುಡುಕಿದಳು. ಇರಲಿಲ್ಲ.

"ಎಷ್ಟು ಸಲ ಓದಿದೆ ಅಂತ ಲೆಕ್ಕವಿಲ್ಲ. ಅದಕ್ಕೇ ತಡವಾಯ್ತು," ಎಂದು ಹಾಳೆಯನ್ನು ಗೋಡೆಗೆ ಒತ್ತಿ, ಕೆಳಗೆ ಸಹಿ ಹಾಕಿದ.

"ಸರ್... ಪೂರ್ತಿ ಓದಿದ್ರಿ ತಾನೇ? ಆಮೇಲೆ ಓದ್ಲಿಲ್ಲ ಅಂದ್ರೆ ಯಾರೂ ಕೇಳಲ್ಲ."

"ಗೊತ್ತು. ಸಹಿ ನಂದು, ಫಲ ನಂದು."

ಅವನು ಒಳಗೆ ಬಂದು, ಬಗ್ಗಿ, ಉರುಳಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಎದುರಿನ ಕುರ್ಚಿಯಲ್ಲಿ ತಾನು ಕೂತ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದ.

"ಬಾ, ಕೂತ್ಕೋ. ಒಂದು ನಿಮಿಷ."

"ಒಂದೇ ನಿಮಿಷನಾ?" ಅವಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಮೊದಲು ಅದನ್ನ ಕೊಡು. ಆ ಶುಕ್ರವಾರದ್ದು ಬಾಕಿ ಇದೆ."

ಅವಳು ಕೂತಳು.